ಸಂಜೆ ಐದಕ್ಕೆ ಕರಿಹಲಗೆಯ ಮೇಲೆ ಅಂಕಿ ಬರೆಯಿರಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘಕ್ಕೆ ಮೂರು ತಿಂಗಳ ಹಿಂದೆ ಅಧ್ಯಕ್ಷೆಯಾದೆ. ಕಳೆದ ತಿಂಗಳು ಅಡವಿಟ್ಟ ಚಿನ್ನವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ 1 ಕೋಟಿ 70 ಲಕ್ಷ ರೂಪಾಯಿ ಸಾಲಕ್ಕೆ ಆಧಾರವಾಗಿದ್ದ ಒಡವೆಗಳು ನಕಲಿ ಎಂದು ತಿಳಿಯಿತು. ಹಿಂದಿನ ಕಾರ್ಯದರ್ಶಿ ಮತ್ತು ಚಿನ್ನ ನೋಡುತ್ತಿದ್ದ ಸರಾಫರ ಮೇಲೆ ಅನುಮಾನವಿದೆ. ಸುದ್ದಿ ಅರ್ಧಂಬರ್ಧ ಹೊರಬಿದ್ದು ಎಂಟು ದಿನಗಳಲ್ಲಿ 90 ಲಕ್ಷ ಠೇವಣಿ ವಾಪಸು ಹೋಗಿದೆ. ಉಳಿದಿರುವ ಠೇವಣಿ 19 ಕೋಟಿ. ನಗದು ಮತ್ತು ಜಿಲ್ಲಾ ಸಹಕಾರಿ ಬ್ಯಾಂಕಿನಲ್ಲಿರುವುದು ಸೇರಿ 4 ಕೋಟಿ 60 ಲಕ್ಷ. ಷೇರು ಬಂಡವಾಳ ಮತ್ತು ನಿಧಿಗಳು 2 ಕೋಟಿ 10 ಲಕ್ಷ. ಇಬ್ಬರು ನಿರ್ದೇಶಕರ ಮನೆಯವರೇ ಠೇವಣಿ ತೆಗೆದುಕೊಂಡಿದ್ದಾರೆ ಎಂಬ ಮಾತೂ ಊರಲ್ಲಿದೆ, ಅದು ನಿಜ. ‘ನಿಮ್ಮ ಹಣ ನೂರಕ್ಕೆ ನೂರು ಸುರಕ್ಷಿತ’ ಎಂದು ಬ್ಯಾನರ್ ಕಟ್ಟೋಣ ಎಂಬುದು ಮಂಡಳಿಯ ಕೆಲವರ ಸಲಹೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಜನ ಇನ್ನಷ್ಟು ಗಾಬರಿಯಾಗುವುದಿಲ್ಲವೇ? ಇಂಥ ಹೊತ್ತಿನಲ್ಲಿ ಅವರ ನಂಬಿಕೆ ಗಳಿಸುವುದು ಹೇಗೆ, ಸರ್?

ಉತ್ತರ: ಬ್ಯಾನರ್ ಬೇಡ, ಅಧ್ಯಕ್ಷರೇ. ನಿಮ್ಮ ಸಂಘದ ಬಾಗಿಲಿಗೆ ಇಷ್ಟು ವರ್ಷ ದೀಪಾವಳಿಯ ಶುಭಾಶಯ ಬಿಟ್ಟರೆ ಬೇರೆ ಬ್ಯಾನರ್ ಬಿದ್ದಿರಲಾರದು. ಈಗ ದಿಢೀರನೆ ‘ಸುರಕ್ಷಿತ’ ಎಂಬ ಅಕ್ಷರ ತೂಗಿದರೆ, ಸುದ್ದಿಯನ್ನೇ ಕೇಳಿರದವನೂ ಬೈಕ್ ನಿಲ್ಲಿಸಿ ಒಳಗೆ ಬರುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಆ ಮಾತು ನಿಜವಲ್ಲ. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿ 4ರಂದು ಅದನ್ನು 1 ಲಕ್ಷದಿಂದ ಏರಿಸಿದರು. ಸಹಕಾರಿ ಬ್ಯಾಂಕುಗಳಿಗೂ ಆ ವಿಮೆ ಉಂಟು. ನಿಮ್ಮಂಥ ಪತ್ತಿನ ಸಂಘಗಳಿಗೆ ಇಲ್ಲ. ಕೌಂಟರಿನಲ್ಲಿ ಕುಳಿತ ಹುಡುಗರು ಎದುರಿಗಿದ್ದವರನ್ನು ಸಮಾಧಾನ ಮಾಡುವ ಭರದಲ್ಲಿ ‘ಐದು ಲಕ್ಷದ ತನಕ ಸರ್ಕಾರವೇ ಕೊಡುತ್ತದೆ, ಹೆದರಬೇಡಿ’ ಎನ್ನುತ್ತಿರಬಹುದು. ಲೆಕ್ಕಪರಿಶೋಧನೆಗೆಂದು ಹೋದ ಎಷ್ಟೋ ಸಂಘಗಳಲ್ಲಿ ಇದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇವತ್ತೇ ಅವರನ್ನು ಕೂರಿಸಿಕೊಂಡು ಆ ಮಾತು ನಿಲ್ಲಿಸಿ. ಕಾಲೇಜಿಗೆ ಹೋಗುವ ಒಬ್ಬ ಮೊಮ್ಮಗ ಮೊಬೈಲಿನಲ್ಲಿ ಎರಡು ನಿಮಿಷ ಹುಡುಕಿದರೆ ಅದು ಸುಳ್ಳೆಂದು ಗೊತ್ತಾಗುತ್ತದೆ. ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಅಂಕಿಗಳು. ಅವುಗಳನ್ನು ಕಾಗದದ ಮೇಲೆ ಹಾಕಿ ನೋಡಿದೆ. ನಿಮ್ಮ ಪತ್ರದ ಧಾಟಿಯಲ್ಲಿರುವಷ್ಟು ಕೆಟ್ಟದಾಗಿ ಅವು ಕಾಣುವುದಿಲ್ಲ. ನಕಲಿ ಚಿನ್ನದ 1 ಕೋಟಿ 70 ಲಕ್ಷದಲ್ಲಿ ಒಂದು ಪೈಸೆಯೂ ಬರಲಿಲ್ಲ ಎಂದೇ ಇಟ್ಟುಕೊಳ್ಳಿ. ಷೇರು ಬಂಡವಾಳ ಮತ್ತು ನಿಧಿ ಆ ಪೆಟ್ಟು ತಿಂದ ಮೇಲೂ 40 ಲಕ್ಷ ಉಳಿಯುತ್ತದೆ. ಉಳಿದ ಸಾಲಗಳು ಗಟ್ಟಿಯಿದ್ದರೆ ಠೇವಣಿದಾರರ ಅಸಲಿಗೆ ಕೈ ಹಾಕಬೇಕಾಗಿಲ್ಲ; ಷೇರುದಾರರು ಕೆಲವು ವರ್ಷ ಡಿವಿಡೆಂಡ್ ಮರೆಯಬೇಕು, ಅಷ್ಟೇ. ಸಾಲ ಪಡೆದವರ ಸಹಿ ಇರುವುದರಿಂದ ಒಂದಿಷ್ಟು ವಸೂಲಿಯೂ ಆದೀತು.

ಆದರೆ ನಷ್ಟ ತಡೆದುಕೊಳ್ಳುವ ಶಕ್ತಿ ಬೇರೆ, ಕೇಳಿದವರಿಗೆಲ್ಲ ಇವತ್ತೇ ಎಣಿಸಿ ಕೊಡುವ ಶಕ್ತಿ ಬೇರೆ. ಎಂಟು ದಿನಕ್ಕೆ 90 ಲಕ್ಷದ ವೇಗದಲ್ಲಿ ಹೋದರೆ ನಿಮ್ಮ 4 ಕೋಟಿ 60 ಲಕ್ಷ ನಲವತ್ತು ದಿನ ಬಾಳುತ್ತದೆ. ವೇಗ ಇಮ್ಮಡಿಯಾದರೆ ಇಪ್ಪತ್ತು ದಿನ. ಉಳಿದ ಹಣ ಅಡಿಕೆ ತೋಟಗಳಲ್ಲಿ, ಆಟೋರಿಕ್ಷಾಗಳಲ್ಲಿ, ಅರ್ಧ ಕಟ್ಟಿದ ಮನೆಗಳಲ್ಲಿ ಇದೆ. ಅದು ಕಂತಿನಲ್ಲಿ ಬರುವ ಹಣ. ಹೆದರಿಸಿದರೆ ಬೇಗ ಬರುವುದಿಲ್ಲ. ಊರಿನವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅವರ ಕಣ್ಣಿನಲ್ಲಿ ತಿಜೋರಿಯಲ್ಲಿ ಹಣವಿದೆ ಎಂದರೆ ಸಂಘ ಬದುಕಿದೆ, ಇಲ್ಲವೆಂದರೆ ಯಾರೋ ತಿಂದಿದ್ದಾರೆ. ನೀವು ಮೊದಲು ವಿವರಿಸಬೇಕಾದದ್ದು ಇದನ್ನೇ.

ಹೀಗೆ ವಿವರಿಸಿ ಗೆದ್ದವರು ಇದ್ದಾರೆ. 1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾದಾಗ ಅಲ್ಲಿನ ಬ್ಯಾಂಕುಗಳ ಮುಂದೆ ಜನ ಸಾಲುಗಟ್ಟಿದ್ದರು. ಎರಡೇ ದಿನದಲ್ಲಿ ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ಬೀಗ ಹಾಕಿಸಿದರು. ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೊ ಮುಂದೆ ಕುಳಿತು ಹದಿಮೂರು ಹದಿನಾಲ್ಕು ನಿಮಿಷ ಮಾತನಾಡಿದರು. ಆ ಮಾತಿನ ಬಹುಪಾಲು ಧೈರ್ಯ ತುಂಬುವ ಭಾಷಣವೇ ಅಲ್ಲ, ಪಾಠ. ನೀವು ಬ್ಯಾಂಕಿಗೆ ಕೊಟ್ಟ ಹಣವನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರುವುದಿಲ್ಲ, ಅದನ್ನು ಸಾಲವಾಗಿ, ಬಾಂಡುಗಳಾಗಿ ದುಡಿಸುತ್ತಾರೆ. ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಷ್ಟೇ ಗಟ್ಟಿ ಬ್ಯಾಂಕಾದರೂ ಕೊಡಲಾರದು ಎಂದು ಮೇಷ್ಟರ ಹಾಗೆ ಬಿಡಿಸಿ ಹೇಳಿದರು. ಕೆಲವು ಬ್ಯಾಂಕರುಗಳು ಜನರ ಹಣವನ್ನು ಅಸಮರ್ಥರಾಗಿಯೋ ಅಪ್ರಾಮಾಣಿಕರಾಗಿಯೋ ನಿಭಾಯಿಸಿದರು ಎಂಬುದನ್ನು ಮುಚ್ಚಿಡಲಿಲ್ಲ. ಪ್ರತಿಯೊಂದು ಬ್ಯಾಂಕೂ ಮತ್ತೆ ತೆರೆಯುತ್ತದೆ, ಯಾರಿಗೂ ನಷ್ಟವಾಗುವುದಿಲ್ಲ ಎಂದು ತಾನು ಮಾತು ಕೊಡುವುದಿಲ್ಲ ಎಂದೂ ಹೇಳಿದರು.

ಇಷ್ಟೇ ಆಗಿದ್ದರೆ ಅದು ಒಳ್ಳೆಯ ಮಾತುಗಾರಿಕೆಯಾಗುತ್ತಿತ್ತು. ಅವರು ವೇಳಾಪಟ್ಟಿಯನ್ನೂ ಕೊಟ್ಟರು: ಸೋಮವಾರ ಫೆಡರಲ್ ರಿಸರ್ವ್ ಬ್ಯಾಂಕುಗಳಿರುವ (ಅಂದರೆ ಅಲ್ಲಿನ ಕೇಂದ್ರ ಬ್ಯಾಂಕಿನ ಘಟಕಗಳಿರುವ) ಹನ್ನೆರಡು ನಗರಗಳಲ್ಲಿ ತಪಾಸಣೆಯಲ್ಲಿ ಗಟ್ಟಿಯೆಂದು ಕಂಡ ಬ್ಯಾಂಕುಗಳು, ಮಂಗಳವಾರ ಬ್ಯಾಂಕುಗಳು ತಮ್ಮೊಳಗೆ ಚೆಕ್ಕುಗಳ ಲೆಕ್ಕ ತೀರಿಸಿಕೊಳ್ಳುವ ಕ್ಲಿಯರಿಂಗ್ ಹೌಸ್ ಇರುವ ಊರುಗಳಲ್ಲಿ, ಬುಧವಾರದಿಂದ ಉಳಿದ ಕಡೆ. ಸೋಮವಾರ ಬೆಳಗ್ಗೆ ಜನ ಹೋಗಿ ನೋಡಿದರು. ಹೇಳಿದಲ್ಲಿ ಬಾಗಿಲು ತೆರೆದಿತ್ತು. ಮನೆಯಲ್ಲಿ ಬಚ್ಚಿಟ್ಟಿದ್ದ ಹಣದ ಮೂರರಲ್ಲಿ ಎರಡು ಪಾಲು ಆ ತಿಂಗಳ ಕೊನೆಯೊಳಗೆ ಬ್ಯಾಂಕುಗಳಿಗೆ ಹಿಂದಿರುಗಿತು. ರೂಸ್‌ವೆಲ್ಟರ ದನಿ ಚೆನ್ನಾಗಿತ್ತು ಎಂದು ಬರೆದವರು ಬಹಳ. ಭಾನುವಾರ ಹೇಳಿದ್ದು ಸೋಮವಾರವೇ ತಾಳೆಯಾಯಿತಲ್ಲ, ಕೆಲಸ ಮಾಡಿದ್ದು ಅದು ಎಂದು ನನ್ನ ಅನಿಸಿಕೆ.

ಇದರ ಬೋರಲು ಚಿತ್ರ ಬೇಕಿದ್ದರೆ 2007ರ ಸೆಪ್ಟೆಂಬರಿನ ಇಂಗ್ಲೆಂಡನ್ನು ನೋಡಿ. ನಾರ್ದರ್ನ್ ರಾಕ್ ಎಂಬ ಗೃಹಸಾಲದ ಬ್ಯಾಂಕಿಗೆ ಹಣದ ಮುಗ್ಗಟ್ಟು ಬಂದು, ಕೇಂದ್ರ ಬ್ಯಾಂಕಿನಿಂದ ತುರ್ತು ಸಾಲ ಪಡೆಯುವ ಮಾತುಕತೆ ನಡೆದಿತ್ತು. ಮುಂದಿನ ಸೋಮವಾರ ವ್ಯವಸ್ಥಿತವಾಗಿ ಪ್ರಕಟಿಸುವ ಯೋಜನೆ. ಗುರುವಾರ ರಾತ್ರಿಯೇ ಬಿಬಿಸಿ ಸುದ್ದಿ ಒಡೆಯಿತು. ಬ್ಯಾಂಕಿನ ವೆಬ್‌ಸೈಟ್ ಕುಸಿಯಿತು. ಶುಕ್ರವಾರ ಬೆಳಗ್ಗೆ ಶಾಖೆಗಳ ಮುಂದೆ ಜನ. ಶಾಖೆಗಳು ಚಿಕ್ಕವು, ಹಾಗಾಗಿ ಸಾಲು ರಸ್ತೆಗೆ ಬಂತು. ರಸ್ತೆಗೆ ಬಂದ ಸಾಲನ್ನು ಟಿವಿಯವರು ತೋರಿಸಿದರು. ಟಿವಿ ನೋಡಿದವರು ಬಂದು ಸಾಲಿಗೆ ಸೇರಿದರು. ಬ್ಯಾಂಕು ದಿವಾಳಿಯಾಗಿಲ್ಲ ಎಂದು ಅಧಿಕಾರಿಗಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಇರುವ ಠೇವಣಿಗೆಲ್ಲ ಸರ್ಕಾರವೇ ಹೊಣೆ ಎಂದು ಹಣಕಾಸು ಸಚಿವರು ಸೋಮವಾರ ಘೋಷಿಸಿದ ಮೇಲೆ ಸಾಲು ಕರಗಿತು. ನಿಮ್ಮ ಬೆನ್ನಿಗೆ ಅಂಥ ಸರ್ಕಾರ ಇಲ್ಲ ಎಂಬುದನ್ನು ನೆನಪಿಡಿ.

ನಿಮ್ಮಲ್ಲೂ ಸುದ್ದಿ ಈಗ ‘ಅರ್ಧಂಬರ್ಧ’ ಹೊರಬಿದ್ದಿದೆ ಎಂದು ಬರೆದಿದ್ದೀರಿ. ಊರಿನ ಹೋಟೆಲಿನಲ್ಲಿ ಇಷ್ಟು ಹೊತ್ತಿಗೆ 1 ಕೋಟಿ 70 ಲಕ್ಷ ಎಂಬುದು ಏಳು ಕೋಟಿಯಾಗಿರುತ್ತದೆ. ನಿಜವಾದ ಮೊತ್ತ ನಿಮ್ಮ ಬಾಯಿಂದ ಬಂದರೆ ಅದು ಆ ವದಂತಿಗಿಂತ ಚಿಕ್ಕದಾಗಿಯೇ ಇರುತ್ತದೆ. ಹೇಳಿದ ಮೊದಲ ಎರಡು ಮೂರು ದಿನ ಹಣ ಕೇಳುವವರು ಹೆಚ್ಚಾಗಬಹುದು. ಅದನ್ನು ತಪ್ಪಿಸುವ ಉಪಾಯ ನನ್ನಲ್ಲಿಲ್ಲ. ಅದಕ್ಕಾಗಿಯೇ ಹೇಳುವ ಮುಂಚಿನ ದಿನ ಜಿಲ್ಲಾ ಬ್ಯಾಂಕಿಗೆ ಹೋಗಿ, ಅಲ್ಲಿರುವ ನಿಮ್ಮ ನಿಶ್ಚಿತ ಠೇವಣಿಯ ಮೇಲೆ ಓವರ್‌ಡ್ರಾಫ್ಟ್, ಅಂದರೆ ಬೇಕಾದಾಗ ತೆಗೆಯಬಹುದಾದ ಸಾಲ, ಪಕ್ಕಾ ಮಾಡಿಕೊಂಡು ಬನ್ನಿ. ಅವಧಿ ಮುಗಿಯದ ಠೇವಣಿ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ, ಕೌಂಟರಿಗೆ ಸಮಯಕ್ಕೆ ಬರುವುದಿಲ್ಲ.

ನಾನು ಇದನ್ನೆಲ್ಲ ಪುಸ್ತಕ ಓದಿ ಕಲಿತವನಲ್ಲ. ಮೂವತ್ತು ವರ್ಷದ ಹಿಂದಿನ ಮಾತು. ಕರಾವಳಿಯ ಒಂದು ಸಂಘಕ್ಕೆ ನನ್ನನ್ನು ಆಡಳಿತಾಧಿಕಾರಿಯಾಗಿ ಕಳಿಸಿದ್ದರು. ಹೆಸರು ಬೇಡ, ಆ ಸಂಘ ಈಗ ಚೆನ್ನಾಗಿ ನಡೆಯುತ್ತಿದೆ. ಆಗ ಅಲ್ಲಿ ದಿನ ಬೆಳಗಾದರೆ ನಲವತ್ತು ಐವತ್ತು ಜನ ಜಗಲಿಯಲ್ಲಿ. ಎರಡನೆಯ ದಿನವೇ ನಾನು ಮೆಟ್ಟಿಲ ಮೇಲೆ ನಿಂತು, ‘ಇನ್ನು ಹದಿನೈದು ದಿನ ಕೊಡಿ, ಎಲ್ಲ ಸರಿಹೋಗುತ್ತದೆ’ ಎಂದೆ. ಲೆಕ್ಕ ಹಾಕಿ ಹೇಳಿದ್ದಲ್ಲ. ಬಿಸಿಲಿನಲ್ಲಿ ನಿಂತವರ ಮುಖ ನೋಡಿ ಬಾಯಿಗೆ ಬಂದದ್ದು. ಜನ ಹೊರಟುಹೋದರು. ನನಗೋ, ಪರವಾಗಿಲ್ಲ, ಮಾತು ಕೆಲಸ ಮಾಡಿತು ಎಂಬ ಹಿಗ್ಗು.

ಹದಿನಾರನೆಯ ದಿನ ಬೆಳಗ್ಗೆ ಬಾಗಿಲು ತೆಗೆಯುವಾಗ ಒಬ್ಬ ಮುದುಕರು ಮೆಟ್ಟಿಲ ಮೇಲೆ ಕುಳಿತಿದ್ದರು. ಮೀನು ಮಾರುವ ಮನೆಯವರು. ಮಗಳ ಮದುವೆಗೆಂದು ಮೂವತ್ತೆರಡು ಸಾವಿರ ಇಟ್ಟಿದ್ದರು. ಗೋಡೆಯ ಕ್ಯಾಲೆಂಡರಿನಿಂದ ಆ ತಿಂಗಳ ಹಾಳೆ ಹರಿದು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ತಂದಿದ್ದರು. ಬಿಡಿಸಿ ನನ್ನ ಮೇಜಿನ ಮೇಲೆ ಇಟ್ಟರು. ನಾನು ಮಾತನಾಡಿದ ದಿನದಿಂದ ಒಂದೊಂದೇ ದಿನಕ್ಕೆ ಕೆಂಪು ಸೀಸದಕಡ್ಡಿಯಲ್ಲಿ ಗೀಟು ಎಳೆದಿದ್ದರು. ಹದಿನೈದನೆಯ ಚೌಕಕ್ಕೆ ಸುತ್ತು ಹಾಕಿತ್ತು. ಬೈಯಲಿಲ್ಲ. ‘ಇವತ್ತಲ್ಲವೇ, ಧಣಿ?’ ಎಂದು ಕೇಳಿದರು, ಅಷ್ಟೇ. ಅಂದು ತಿಜೋರಿಯಲ್ಲಿ ಒಂಬತ್ತು ಸಾವಿರವಿತ್ತು.

ಆಮೇಲೆ ಆ ಊರಿನಲ್ಲಿ ನಾನು ಹೇಳಿದ್ದನ್ನು ನಂಬಿಸಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ಕಲಿತ ಒಂದೇ ಪಾಠವನ್ನು ನಿಮಗೆ ದಾಟಿಸುತ್ತಿದ್ದೇನೆ: ‘ನಂಬಿ’ ಎಂದು ಕೇಳಬೇಡಿ, ತಾಳೆ ನೋಡಲು ಬಿಡಿ. ಇಂಥ ದಿನ ಇಂಥದ್ದು ಎಂದು ಸಣ್ಣದಾಗಿ ಹೇಳಿ, ಆ ದಿನ ಅದನ್ನು ಮಾಡಿ, ಜನರಿಗೆ ಕಾಣುವ ಹಾಗೆ ಮಾಡಿ. ದೊಡ್ಡ ಮಾತು ಒಂದಕ್ಕಿಂತ ಹತ್ತು ಸಣ್ಣ ಗಡುವುಗಳು ಮೇಲು. ‘ಶುಕ್ರವಾರ ಸಂಜೆಯೊಳಗೆ ಉಳಿದ ಎಲ್ಲ ಒಡವೆಗಳ ಪರೀಕ್ಷೆ ಮುಗಿಸಿ ಫಲಿತಾಂಶ ಅಂಟಿಸುತ್ತೇವೆ’ ಎನ್ನಿ. ಶುಕ್ರವಾರ ಆಗಲಿಲ್ಲವೆಂದರೆ ಶುಕ್ರವಾರವೇ ‘ಮುನ್ನೂರರಲ್ಲಿ ಇನ್ನೂರ ನಲವತ್ತು ಆಗಿದೆ, ಉಳಿದದ್ದು ಸೋಮವಾರ’ ಎಂದು ಬರೆದು ಅಂಟಿಸಿ. ಗಡುವು ತಪ್ಪಿದ್ದನ್ನು ಜನ ಕ್ಷಮಿಸುತ್ತಾರೆ. ಗಡುವಿನ ದಿನ ಬಾಗಿಲು ಮುಚ್ಚಿಕೊಂಡು ಕೂತವರನ್ನು ಕ್ಷಮಿಸುವುದಿಲ್ಲ.

ನೀವು ಶಿಕ್ಷಕಿ, ನಿಮಗೆ ಕರಿಹಲಗೆಯ ಶಕ್ತಿ ನಾನು ಹೇಳಬೇಕಾಗಿಲ್ಲ. ನಿಮ್ಮ ಹಳೆಯ ಶಾಲೆಯಿಂದ ಒಂದು ತಂದು ಸಂಘದ ಜಗಲಿಯಲ್ಲಿ, ರಸ್ತೆಗೆ ಕಾಣುವಂತೆ ನಿಲ್ಲಿಸಿ. ಪ್ರತಿದಿನ ಸಂಜೆ ಐದಕ್ಕೆ ನೀವೇ, ನಿಮ್ಮ ಅಕ್ಷರದಲ್ಲೇ, ನಾಲ್ಕು ಸಾಲು ಬರೆಯಿರಿ: ಇಂದು ಠೇವಣಿದಾರರಿಗೆ ಕೊಟ್ಟದ್ದು, ಇಂದು ಸಾಲ ವಸೂಲಾದದ್ದು, ಕೈಯಲ್ಲಿರುವ ನಗದು, ಜಿಲ್ಲಾ ಬ್ಯಾಂಕಿನಲ್ಲಿರುವುದು. ಮಾರನೆಯ ದಿನ ಅದನ್ನು ಅಳಿಸುವ ಮುನ್ನ ಒಂದು ದೊಡ್ಡ ನೋಟ್‌ಪುಸ್ತಕದಲ್ಲಿ ನಕಲು ಮಾಡಿ ಕೌಂಟರಿನ ಮೇಲೆ ಇಡಿ. ಯಾರು ಬೇಕಾದರೂ ಹಿಂದಿನ ಪುಟ ತಿರುವಲಿ. ಅಂಕಿ ಕೆಟ್ಟದಾಗಿರುವ ದಿನವೂ ಬರೆಯಬೇಕು. ಮುಖ್ಯವಾಗಿ ಆ ದಿನವೇ ಬರೆಯಬೇಕು. ಒಂದು ಸಂಜೆ ಬರೆಯದೆ ಬಿಟ್ಟರೆ ಊರು ಆ ಖಾಲಿ ಹಲಗೆಯನ್ನು ತನಗೆ ತೋಚಿದಂತೆ ಓದಿಕೊಳ್ಳುತ್ತದೆ. ಹೊರಗೆ ಅಂಕಿ ಹಾಕಿದರೆ ಕಳ್ಳರಿಗೆ ಅನುಕೂಲ ಎಂದು ಯಾರಾದರೂ ನಿರ್ದೇಶಕರು ತಕರಾರು ತೆಗೆದರೆ, ರಾತ್ರಿ ನಗದನ್ನು ಬ್ಯಾಂಕಿಗೆ ಕಳಿಸುವ ವ್ಯವಸ್ಥೆ ಮಾಡಿ. ಹಲಗೆಯ ಮೇಲೆ ಬರೆಯುವುದನ್ನು ಮಾತ್ರ ಬಿಡಬೇಡಿ. ವಾಟ್ಸಾಪ್ ಗುಂಪಿಗೂ ಅದೇ ಹಲಗೆಯ ಫೋಟೊ ಹೋಗಲಿ, ಬೇರೆ ಬರಹ ಬೇಡ. ಉದ್ದುದ್ದ ಸಂದೇಶ ಕಳಿಸಿದರೆ ಅದರಲ್ಲಿ ಒಂದು ವಾಕ್ಯ ಮಾತ್ರ ಕತ್ತರಿಸಿಕೊಂಡು ಊರೂರು ತಿರುಗುತ್ತದೆ.

ಈಗ ಕಹಿ ಮಾತು. ಇಬ್ಬರು ನಿರ್ದೇಶಕರ ಮನೆಯವರು ಹಣ ತೆಗೆದ ಸಂಗತಿಯನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಅನುಭವದಲ್ಲಿ ನಕಲಿ ಚಿನ್ನಕ್ಕಿಂತ ದೊಡ್ಡ ರಂಧ್ರ ಇದು. ಚಿನ್ನದ ವಂಚನೆ ಹಿಂದಿನವರ ಪಾಪ. ಇದು ನಿಮ್ಮ ಅವಧಿಯದು. ಒಳಗಿನ ಸುದ್ದಿ ಮೊದಲೇ ಗೊತ್ತಿದ್ದವರು ತಮ್ಮದನ್ನು ತೆಗೆದುಕೊಂಡು ಹೊರಗಿನವರಿಗೆ ‘ಗಾಬರಿಯಾಗಬೇಡಿ’ ಎಂದರೆ ಯಾರು ತಾನೇ ನಿಲ್ಲುತ್ತಾರೆ?

ಒಂದು ಹಳೆಯ ಸಂಗತಿ. ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಆಗಿನ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಯ ತನಕ ಬರಬಹುದಿತ್ತು. ಅಂಥ ಸಂಘದಲ್ಲಿ ಪಕ್ಕದ ಮನೆಯವನು ಸಾಲ ಕೇಳಿದರೆ ಇಡೀ ಊರು ಅವನ ಹೊಲದ ಬೆಳೆ ನೋಡಿಕೊಂಡು ಬರುತ್ತಿತ್ತು. ಈಗ ಹೊಣೆ ಷೇರಿನ ಮೊತ್ತಕ್ಕೆ ಸೀಮಿತ. ಅದು ಸರಿಯೇ, ಆ ಕಾಲ ಮರಳಿ ಬರಲಿ ಎನ್ನುವವನು ನಾನಲ್ಲ. ಆದರೆ ನಿರ್ದೇಶಕರ ಸ್ವಂತ ಹಣವೂ ಅಪಾಯದಲ್ಲಿದೆ ಎಂಬುದು ಜನರಿಗೆ ಕಾಣದಿದ್ದರೆ ಬೇರೆ ಯಾವ ಮಾತಿಗೂ ಬೆಲೆ ಬರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಮಂಡಳಿಯ ತುರ್ತು ಸಭೆ ಕರೆದು ನಿರ್ಣಯ ಬರೆಯಿಸಿ: ನಿರ್ದೇಶಕರು, ಸಿಬ್ಬಂದಿ ಮತ್ತು ಅವರ ಹತ್ತಿರದ ಕುಟುಂಬದವರ ಠೇವಣಿ ಕೊನೆಯ ಸಾಮಾನ್ಯ ಠೇವಣಿದಾರನಿಗೆ ಕೊಡುವವರೆಗೆ ಹೊರಗೆ ಹೋಗುವುದಿಲ್ಲ. ತೆಗೆದುಕೊಂಡಿರುವ ಇಬ್ಬರು ಒಂದು ವಾರದಲ್ಲಿ ಮರಳಿ ಇಡಬೇಕು, ಇಲ್ಲವಾದರೆ ಮಂಡಳಿ ಬಿಡಬೇಕು. ಅವರು ಹಿರಿಯರಿರಬಹುದು, ನಿಮ್ಮನ್ನು ಗೆಲ್ಲಿಸಿದವರೇ ಇರಬಹುದು. ಆಗ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಸಲಹೆ ಬದಲಾಗುವುದಿಲ್ಲ. ನಿಮ್ಮ ಸ್ವಂತ ಠೇವಣಿ ಎಷ್ಟಿದೆ ಎಂಬುದನ್ನೂ ಹಲಗೆಯ ಮೂಲೆಯಲ್ಲಿ ಬರೆಯಿರಿ. ಮುಜುಗರವಾಗುತ್ತದೆ, ನಿಜ. ನಿವೃತ್ತಿಯ ಹಣ ಅಲ್ಲೇ ಇದೆ ಎಂದಾದರೆ ಅದಕ್ಕಿಂತ ದೊಡ್ಡ ಬ್ಯಾನರ್ ಯಾವುದೂ ಇಲ್ಲ.

ಹಣ ಕೊಡುವ ಕ್ರಮದಲ್ಲೂ ಇದೇ ಎಚ್ಚರ ಬೇಕು. ಜೋರು ಮಾಡಿದವನಿಗೆ, ಪತ್ರಿಕೆಯವರ ಪರಿಚಯ ಇರುವವನಿಗೆ, ಹಿಂಬಾಗಿಲಿನಿಂದ ಬಂದವನಿಗೆ ಮೊದಲು ಕೊಟ್ಟು ಬಾಯಿ ಮುಚ್ಚಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಮರುದಿನ ಎಲ್ಲರೂ ಜೋರು ಮಾಡುವುದನ್ನು ಕಲಿತಿರುತ್ತಾರೆ. ಅವಧಿ ಮುಗಿದ ಠೇವಣಿಗೆ ತಾರೀಖಿನ ಸರತಿ. ಉಳಿತಾಯ ಖಾತೆ ಮತ್ತು ಪಿಗ್ಮಿಗೆ ವಾರಕ್ಕೆ ಇಷ್ಟು ಎಂಬ ಒಂದೇ ಮಿತಿ. ಅವಧಿಗೆ ಮುಂಚೆ ಕೇಳುವವರಿಗೆ ಸದ್ಯಕ್ಕೆ ಇಲ್ಲ. ಇದಕ್ಕೆ ಒಂದೇ ಹೊರತು, ಆಸ್ಪತ್ರೆ ಮತ್ತು ಮಕ್ಕಳ ಶುಲ್ಕ. ಅದನ್ನು ತೀರ್ಮಾನಿಸಲು ಮೂವರ ಸಮಿತಿ ಮಾಡಿ, ಅದರಲ್ಲಿ ಇಬ್ಬರು ನಿರ್ದೇಶಕರಲ್ಲದ ಠೇವಣಿದಾರರಿರಲಿ. ನಿಮ್ಮನ್ನು ಹೆಚ್ಚು ಬೈಯುತ್ತಿರುವವರಲ್ಲಿ ಒಬ್ಬರನ್ನು ಹುಡುಕಿ ಸೇರಿಸಿಕೊಳ್ಳಿ. ಒಳಗೆ ಬಂದು ಪುಸ್ತಕ ನೋಡಿದ ಟೀಕಾಕಾರ ಹೊರಗೆ ಹೋಗಿ ಆಡುವ ಒಂದು ಮಾತಿಗೆ ನಿಮ್ಮ ನೂರು ಮಾತು ಸಾಟಿಯಲ್ಲ. ನಿಯಮವನ್ನು ಮಂಡಳಿಯ ನಡಾವಳಿಯಲ್ಲಿ ದಾಖಲಿಸಿ, ಸಹಕಾರ ಸಂಘಗಳ ಉಪ ನಿಬಂಧಕರಿಗೆ ಅಂದೇ ಲಿಖಿತವಾಗಿ ತಿಳಿಸಿ. ಇಲಾಖೆಗೆ ಪತ್ರಿಕೆ ನೋಡಿ ಗೊತ್ತಾಗುವಂತೆ ಮಾಡಬೇಡಿ.

ಪಿಗ್ಮಿ ಸಂಗ್ರಾಹಕರ ಬಗ್ಗೆ ನೀವು ಏನೂ ಬರೆದಿಲ್ಲ. ಬಹುತೇಕ ಎಲ್ಲರೂ ಅವರನ್ನು ಮರೆಯುತ್ತಾರೆ. ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ ಇಪ್ಪತ್ತು, ಐವತ್ತು ಎಂದು ಕೂಡಿಸುವ ಈ ಪದ್ಧತಿ ಶುರುವಾದದ್ದು 1928ರಲ್ಲಿ ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೇ ಹೋಗಿ ಪಡೆಯುತ್ತಿತ್ತು. ಸಣ್ಣ ವ್ಯಾಪಾರಿಗೆ ಸಂಘ ಎಂದರೆ ನೀವೂ ಅಲ್ಲ, ಕಟ್ಟಡವೂ ಅಲ್ಲ. ಸಂಜೆ ನಾಲ್ಕಕ್ಕೆ ಚೀಲ ನೇತುಹಾಕಿಕೊಂಡು ಬರುವ ಆ ಹುಡುಗ ಅಥವಾ ಆ ಹೆಂಗಸು. ಈ ಹೊತ್ತು ನಿಮಗಿಂತ ಹೆಚ್ಚು ಪ್ರಶ್ನೆಗಳು ಅವರಿಗೆ ಬೀಳುತ್ತಿವೆ, ಅವರ ಬಳಿ ಉತ್ತರವಿಲ್ಲ. ದಿನಾ ಬೆಳಗ್ಗೆ ಅವರು ಹೊರಡುವ ಮುನ್ನ ಹತ್ತು ನಿಮಿಷ ಅವರೊಂದಿಗೆ ಚಹಾ ಕುಡಿಯಿರಿ. ನಿನ್ನೆ ಏನು ಕೇಳಿದರು ಎಂದು ಮೊದಲು ಕೇಳಿ, ಆಮೇಲೆ ನಿಮ್ಮ ಮಾತು. ಉತ್ತರ ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಗುರುವಾರ ಅಧ್ಯಕ್ಷರು ಹೇಳುತ್ತಾರೆ’ ಎನ್ನಲು ಅವರಿಗೆ ಅನುಮತಿ ಕೊಡಿ. ಮಂಡಳಿಗೆ ಸುದ್ದಿ ತಿಳಿಯುವ ಮುನ್ನ ಅವರಿಗೆ ತಿಳಿದರೂ ಚಿಂತೆಯಿಲ್ಲ; ಅಂಗಡಿಯವನಿಗೆ ತಿಳಿದ ಮೇಲೆ ಅವರಿಗೆ ತಿಳಿಯಬಾರದು.

ತನಿಖೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ನಿಮ್ಮ ವಕೀಲರು ನೋಡಿಕೊಳ್ಳಬೇಕು. ಪೊಲೀಸ್ ದೂರು ಇನ್ನೂ ಕೊಟ್ಟಿಲ್ಲವಾದರೆ ತಡ ಮಾಡಬೇಡಿ. ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯ 64ನೆಯ ಕಲಮಿನ ಕೆಳಗೆ ವಿಚಾರಣೆ ನಡೆಸುವಂತೆ ಮಂಡಳಿಯ ಬಹುಮತದ ನಿರ್ಣಯದೊಂದಿಗೆ ನೀವೇ ನಿಬಂಧಕರನ್ನು ಕೇಳಿಕೊಳ್ಳಿ. ಕೇಳಿ ತರಿಸಿಕೊಂಡ ವಿಚಾರಣೆಗೂ ತಾನಾಗಿ ಮೇಲೆ ಬಿದ್ದ ವಿಚಾರಣೆಗೂ ಊರಿನವರ ಕಣ್ಣಿನಲ್ಲಿ ಬಹಳ ಅಂತರ. ನಷ್ಟವನ್ನು ತಪ್ಪಿತಸ್ಥರಿಂದ ತುಂಬಿಸಿಕೊಳ್ಳಲು 69ನೆಯ ಕಲಮು ಇದೆ. ಆದರೆ ಹಿಂದಿನ ಕಾರ್ಯದರ್ಶಿಯ ಹೆಸರನ್ನು ಮೈಕಿನಲ್ಲಿ ಕೂಗಬೇಡಿ. ನಿಮಗಿರುವುದು ಅನುಮಾನ, ಸಾಬೀತಾಗಿಲ್ಲ. ನಾಳೆ ಅವರಲ್ಲಿ ಒಬ್ಬರು ನಿರಪರಾಧಿ ಎಂದಾದರೆ ಹಲಗೆಯ ಮೇಲಿನ ನಿಮ್ಮ ಅಂಕಿಗಳನ್ನೂ ಜನ ಅನುಮಾನಿಸುತ್ತಾರೆ.

ಹೊರಗಿನ ಕಣ್ಣು ಒಂದು ಬೇಕೇ ಬೇಕು. 2009ರ ಜನವರಿ 7ರಂದು ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಲೆಕ್ಕಪತ್ರವೇ ಸುಳ್ಳು ಎಂದು ಪತ್ರ ಬರೆದಾಗ, ಸರ್ಕಾರ ಕೆಲವೇ ದಿನಗಳಲ್ಲಿ ಮಂಡಳಿಯನ್ನು ಬದಲಿಸಿ ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನು ಕೂರಿಸಿತು. ಅವರು ಹಳೆಯ ಲೆಕ್ಕವನ್ನು ಸಮರ್ಥಿಸಲು ಹೋಗಲಿಲ್ಲ; ಬೇರೆ ಲೆಕ್ಕಪರಿಶೋಧಕರನ್ನು ಕರೆದು ಮೊದಲಿನಿಂದ ಎಣಿಸಲು ಹಚ್ಚಿದರು. ಏಪ್ರಿಲ್ ಹೊತ್ತಿಗೆ ಟೆಕ್ ಮಹೀಂದ್ರಾ ಕಂಪನಿಯನ್ನು ಕೊಳ್ಳಲು ಮುಂದೆ ಬಂದಿತ್ತು. ನಿಮ್ಮ ಮಟ್ಟದಲ್ಲಿ ಇದರ ಅರ್ಥ: ಉಳಿದ ಒಡವೆಗಳನ್ನು ಪರೀಕ್ಷಿಸುವ ಸರಾಫರು ನಿಮ್ಮ ತಾಲ್ಲೂಕಿನವರಾಗದಿರಲಿ, ಪರೀಕ್ಷೆ ನಡೆಯುವಾಗ ಇಬ್ಬರು ಠೇವಣಿದಾರರು ಪಕ್ಕದಲ್ಲಿ ಕುಳಿತಿರಲಿ. ಚಿನ್ನ ಇಟ್ಟವರಿಗೂ ಬೇರೆಯೇ ಭಯವಿದೆ, ತಮ್ಮ ಅಸಲಿ ಒಡವೆಯನ್ನು ಯಾರಾದರೂ ಬದಲಿಸಿದ್ದಾರೆಯೇ ಎಂದು. ಅವರಿಗೆ ಬಂದು ಲಕೋಟೆ ಒಡೆದು ನೋಡಲು ದಿನ ಗೊತ್ತುಮಾಡಿ. ಸಾಲುಗಟ್ಟಿದವರಲ್ಲಿ ಕಾಲುಭಾಗ ಅಂಥವರೇ ಇದ್ದರೂ ನನಗೆ ಆಶ್ಚರ್ಯವಿಲ್ಲ.

ರಾಜೀನಾಮೆ ಕೊಡಬೇಕೇ ಎಂದು ನೀವು ಕೇಳಿಲ್ಲ. ಆದರೆ ರಾತ್ರಿ ಹನ್ನೊಂದರ ಹೊತ್ತಿಗೆ ಅದು ಮನಸ್ಸಿಗೆ ಬರುತ್ತದೆ, ನನಗೂ ಬಂದಿತ್ತು. ಉಳಿದ ಒಡವೆಗಳ ಪರೀಕ್ಷೆ ಮುಗಿದು ಫಲಿತಾಂಶ ಹಲಗೆಗೆ ಬರುವ ತನಕ ಆ ಯೋಚನೆ ಮುಂದೂಡಿ. ಅಲ್ಲಿಯ ತನಕ ಹೊರಟವರನ್ನು ಊರು ಓಡಿಹೋದವರು ಎಂದೇ ಲೆಕ್ಕ ಹಾಕುತ್ತದೆ.

ಕೊನೆಯದಾಗಿ, ವಿಶೇಷ ಮಹಾಸಭೆ. ಅದನ್ನು ಕರೆಯಲೇಬೇಕು, ನೋಟಿಸಿನ ದಿನಗಳನ್ನು ನಿಮ್ಮ ಬೈಲಾ ನೋಡಿ ಎಣಿಸಿ. ಪೇಟೆಯ ಸಭಾಭವನದಲ್ಲಿ ಬೇಡ, ಸಂಘದ ಅಂಗಳದಲ್ಲೇ ಶಾಮಿಯಾನ ಹಾಕಿಸಿ. ಸಂತೆಯ ದಿನ ಬೇಡ. ಸಂಜೆ ಬೇಡ, ಬೆಳಗ್ಗೆ ಹತ್ತಕ್ಕೆ ಇಡಿ. ಹಳ್ಳಿಗಳಿಂದ ಬಂದವರು ಕೊನೆಯ ಬಸ್ಸಿನ ಚಿಂತೆಯಿಲ್ಲದೆ ಪೂರ್ತಿ ಕೇಳಿಕೊಂಡು ಹೋಗಲಿ. ಕುರ್ಚಿ ಸಾಲದಿದ್ದರೆ ನಿರ್ದೇಶಕರು ನಿಲ್ಲಲಿ. ಸ್ವಾಗತ, ಪ್ರಾರ್ಥನೆ, ಹಾರ ತುರಾಯಿ ಏನೂ ಬೇಡ. ಮೈಕ್ ಕೈಗೆ ಬಂದ ಕೂಡಲೇ ‘1 ಕೋಟಿ 70 ಲಕ್ಷ’ ಎಂಬ ಮೊತ್ತದಿಂದಲೇ ಶುರು ಮಾಡಿ, ಹತ್ತು ನಿಮಿಷದಲ್ಲಿ ಗೊತ್ತಿರುವುದು, ಗೊತ್ತಿಲ್ಲದ್ದು, ಯಾವ ದಿನ ಗೊತ್ತಾಗುತ್ತದೆ ಎಂಬುದು, ಈ ಮೂರನ್ನು ಹೇಳಿ ಮುಗಿಸಿ. ಆಮೇಲೆ ಮೈಕನ್ನು ಎದುರಿಗೆ ಕೊಟ್ಟುಬಿಡಿ. ಮೊದಲ ಅರ್ಧ ಗಂಟೆ ಬೈಗುಳವೇ ಬರುತ್ತದೆ. ನಡುವೆ ಬಾಯಿ ಹಾಕಬೇಡಿ, ಯಾರ ಕೈಯಿಂದಲೂ ಮೈಕ್ ಕಸಿಯಲು ಬಿಡಬೇಡಿ. ಪ್ರತಿಯೊಂದು ಪ್ರಶ್ನೆಯನ್ನೂ ಕಾರ್ಯದರ್ಶಿಯಿಂದ ಹಲಗೆಯ ಮೇಲೆ ಬರೆಯಿಸಿ, ಅದರ ಮುಂದೆ ಉತ್ತರವನ್ನೋ ತಾರೀಖನ್ನೋ ಹಾಕಿಸಿ. ಮತ್ತೆ ನೀರಿನ ಡ್ರಮ್ಮನ್ನು ಹಿಂಬದಿಗೆ ಇಡಿಸಿ. ಮುಂದೆ ಇಟ್ಟರೆ ಎಲ್ಲರೂ ಎದ್ದು ಬಂದು ಮೈಕಿನ ಸುತ್ತಲೇ ನಿಲ್ಲುತ್ತಾರೆ.